ಬಾಗಿಲಿಗೆ ಚಿಲಕ ಇರಲಿಲ್ಲ

ನಾನು ಬಳ್ಳಾರಿಯಲ್ಲಿ ಆಪ್ತಸಲಹೆಗಾರ್ತಿ. ಈ ಪ್ರಕರಣ ಬರೆಯಲು ಆ ಗಂಡ ಹೆಂಡತಿ ಇಬ್ಬರ ಒಪ್ಪಿಗೆಯನ್ನೂ ಪಡೆದಿದ್ದೇನೆ. ಗುರುತು ಸಿಗದ ಹಾಗೆ ವಯಸ್ಸು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಇಲ್ಲಿ ಅವರನ್ನು ಈರಣ್ಣ, ರೇಣುಕಾ ಎಂದು ಕರೆಯುತ್ತೇನೆ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಈರಣ್ಣ ಬಾಗಿಲಲ್ಲೇ ನಿಂತು, "ಸರ್ ಯಾರೂ ಇಲ್ಲೇನ್ರಿ?" ಅಂದರು.

"ಇವತ್ತು ನಾನೊಬ್ಬಳೇ. ಗಂಡಸರ ಹತ್ತಿರವೇ ಮಾತಾಡಬೇಕು ಅನ್ನಿಸಿದರೆ ಗುರುವಾರ ಇನ್ನೊಬ್ಬರು ಬರುತ್ತಾರೆ" ಅಂದೆ.

ಸ್ವಲ್ಪ ಹೊತ್ತು ನೆಲ ನೋಡುತ್ತಾ ನಿಂತರು. "ಗುರುವಾರದ ತನಕ ಧೈರ್ಯ ಇರಂಗಿಲ್ರಿ ಮೇಡಂ" ಅಂತ ಒಳಗೆ ಬಂದು ಕೂತರು.

ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇತ್ತು. ಮಾತಿಗೆ ಮೊದಲೇ ಅದನ್ನು ಟೇಬಲ್ ಮೇಲೆ ಸುರುವಿದರು. ಹೆಸರಿಲ್ಲದ ಪಟ್ಟಿಯಲ್ಲಿ ಕಂದು ಬಣ್ಣದ ಕ್ಯಾಪ್ಸೂಲ್. ಹಳೇ ಪೇಪರಿನಲ್ಲಿ ಕಟ್ಟಿದ ಪುಡಿಯ ಮೂರು ಪೊಟ್ಟಣ. ಬೆರಳುದ್ದದ ಎಣ್ಣೆ ಬಾಟಲಿ. ಅದರ ಮುಚ್ಚಳದ ಸುತ್ತ ಜಿಡ್ಡಿಗೆ ಧೂಳು ಅಂಟಿ ಕಪ್ಪಾಗಿತ್ತು. ಯಾವುದರ ಮೇಲೂ ತಯಾರಿಸಿದವರ ಹೆಸರಿಲ್ಲ, ತಾರೀಖಿಲ್ಲ. "ಇಪ್ಪತ್ಮೂರು ಸಾವಿರ ಆತ್ರಿ ಇಲ್ಲೀತನಕ" ಅಂದರು.

ಈರಣ್ಣನಿಗೆ 29 ವರ್ಷ. ಜೀನ್ಸ್ ಪ್ಯಾಂಟ್ ಹೊಲಿಯುವ ಘಟಕದಲ್ಲಿ ಕೆಲಸ. ಸಂಬಳ ಇಲ್ಲ, ಪೀಸ್ ಲೆಕ್ಕ. ಇಪ್ಪತ್ಮೂರು ಸಾವಿರಕ್ಕೆ ಎಷ್ಟು ಪ್ಯಾಂಟ್ ಹೊಲಿಯಬೇಕು ಎಂದು ಲೆಕ್ಕ ಹಾಕಲು ನನಗೆ ಮನಸ್ಸಾಗಲಿಲ್ಲ. ಮದುವೆಯಾಗಿ 14 ತಿಂಗಳು. ಸಮಸ್ಯೆಯನ್ನು ಹೇಳಿದ್ದು ಒಂದೇ ಸಾಲಿನಲ್ಲಿ: "ಲಗೂನ ಔಟ್ ಆಗ್ತೈತ್ರಿ, ಒಂದು ನಿಮಿಷಾನೂ ನಿಲ್ಲಂಗಿಲ್ಲ."

ಈ ಮಾತು ಹೇಳಿದ ಮೇಲೆ ಅವರ ಭುಜ ಎರಡೂ ಕೆಳಗಿಳಿದವು. ನಾನು ನೀರು ಕೊಟ್ಟೆ. ಆಮೇಲೆ ಒಂದೊಂದಾಗಿ ಕೇಳುತ್ತಾ ಹೋದೆ. ಮೊದಲಿಂದಲೂ ಹೀಗೇನಾ, ನಡುವೆ ಶುರುವಾಯಿತಾ? ಪ್ರತಿ ಸಲವೂ ಹೀಗೇನಾ? ಗಡಸುತನ ಸರಿಯಾಗಿ ಬರುತ್ತದಾ, ಬೆಳಿಗ್ಗೆ ಏಳುವಾಗ ಇರುತ್ತದಾ? ಮೂತ್ರ ಉರಿ ಇದೆಯಾ? ಎದೆ ಢವಢವ, ತೂಕ ಇಳಿಯೋದು ಇದೆಯಾ? ಬೇರೆ ಗುಳಿಗೆ, ಕುಡಿತ?

ಇಷ್ಟೆಲ್ಲ ಯಾಕೆ ಅಂದರೆ, ಶೀಘ್ರ ಸ್ಖಲನ ಎಲ್ಲರಲ್ಲೂ ಒಂದೇ ತರಹ ಅಲ್ಲ. ಮೊದಲ ಸಲದಿಂದಲೂ, ಹೆಚ್ಚು ಕಡಿಮೆ ಪ್ರತಿ ಸಲವೂ, ಸುಮಾರು ಒಂದು ನಿಮಿಷದೊಳಗೆ ಮುಗಿಯುತ್ತಿದ್ದರೆ ಅದು ಒಂದು ಬಗೆ. ಅದರಲ್ಲಿ ಮೈಯ ಗುಣವೂ ಇರುತ್ತದೆ, ಮಿದುಳಿನ ಸೆರೊಟೋನಿನ್ ಎಂಬ ರಾಸಾಯನಿಕದ ಪಾತ್ರವೂ ಇರುತ್ತದೆ. ಮೊದಲು ಸರಿಯಿದ್ದು, ಆಮೇಲೆ ಮೂರು ನಿಮಿಷಕ್ಕೋ ಅದಕ್ಕಿಂತ ಕಡಿಮೆಗೋ ಇಳಿದಿದ್ದರೆ ಇನ್ನೊಂದು ಬಗೆ. ಆಗ ಥೈರಾಯ್ಡ್ ಜಾಸ್ತಿಯಾಗಿದೆಯಾ, ಪ್ರಾಸ್ಟೇಟ್ ಗ್ರಂಥಿಗೆ ಸೋಂಕಿದೆಯಾ, ಗಡಸುತನ ಹೋಗಿಬಿಡುತ್ತದೆ ಎಂಬ ಭಯದಲ್ಲಿ ಅವಸರ ಮಾಡುತ್ತಿದ್ದಾರಾ ಎಂದು ನೋಡಬೇಕು. ಇನ್ನೊಂದು ಮಾತು. ಹೊಸದಾಗಿ ಮದುವೆಯಾದವರಲ್ಲಿ, ಬಹಳ ದಿನದ ಮೇಲೆ ಸೇರಿದವರಲ್ಲಿ ಬೇಗ ಆಗುವುದು ಸಹಜ. ಅದು ರೋಗ ಅಲ್ಲ. ತಡೆಯಲು ಆಗುತ್ತಲೇ ಇಲ್ಲ, ಅದರಿಂದ ಮನಸ್ಸಿಗೆ ನೋವಾಗುತ್ತಿದೆ, ಹೆಂಡತಿಯ ಹತ್ತಿರ ಹೋಗಲೇ ಹೆದರಿಕೆ ಅನ್ನುವ ಮಟ್ಟಕ್ಕೆ ಬಂದಾಗ ಮಾತ್ರ ಅದನ್ನು ಸಮಸ್ಯೆ ಅಂತ ಹಿಡಿಯುತ್ತೇವೆ.

ಈರಣ್ಣನದು ಮೊದಲ ಬಗೆ. ಆದರೆ ಅದರ ಮೇಲೆ ಇನ್ನೊಂದು ಭಾರ ಕೂತಿತ್ತು.

ಬಸ್ ಸ್ಟ್ಯಾಂಡಿನ ಶೌಚಾಲಯದ ಗೋಡೆಯಲ್ಲಿ ನೋಡಿದ ನಂಬರಿಗೆ ಫೋನ್ ಮಾಡಿ, ಲಾಡ್ಜ್ ಒಂದರಲ್ಲಿ ತಿಂಗಳಿಗೆರಡು ದಿನ ಕೂರುವ ಒಬ್ಬನನ್ನು ಅವರು ಕಂಡಿದ್ದರು. ಆತ ನಾಡಿ ಹಿಡಿದು, "ಸಣ್ಣ ವಯಸ್ಸಿನಲ್ಲಿ ಕೈಯಿಂದ ಮಾಡಿಕೊಂಡು ನರ ಸತ್ತಿವೆ, ಧಾತು ನೀರಾಗಿದೆ, ಹಿಂಗೇ ಬಿಟ್ಟರೆ ಎರಡು ವರ್ಷದಲ್ಲಿ ಪೂರಾ ನಿಂತು ಹೋಗ್ತೈತಿ" ಅಂದನಂತೆ. ಅಲ್ಲಿಯ ತನಕ ಈರಣ್ಣನಿಗೆ ಒಂದು ತೊಂದರೆ ಇತ್ತು. ಅಲ್ಲಿಂದ ಹೊರಗೆ ಬಂದಾಗ ಎರಡಾಗಿತ್ತು. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಎಂದು ಔಷಧಿಗೆ ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಆದರೂ ಆ ಗೋಡೆಗಳು ಹಾಗೇ ಇವೆ. ಇಂಥ ಮಾತು ಕೇಳಿ ಬರುವ ಹುಡುಗರನ್ನು ವರ್ಷಗಳಿಂದ ನೋಡುತ್ತಿದ್ದೇನೆ, ನನಗೆ ಇದರ ಬಗ್ಗೆ ಸಿಟ್ಟಿದೆ.

ಮೊದಲ ದಿನ ಅರ್ಧ ಗಂಟೆ ಈ ಭಯ ಇಳಿಸುವುದಕ್ಕೇ ಹೋಯಿತು. ಹಸ್ತಮೈಥುನದಿಂದ ನರ ಸಾಯುವುದಿಲ್ಲ. ನೂರು ಹನಿ ರಕ್ತಕ್ಕೆ ಒಂದು ಹನಿ ಧಾತು ಅನ್ನುವುದು ನಂಬಿಕೆ, ನಿಜ ಅಲ್ಲ. ಒಂದು ಸಲಕ್ಕೆ ಹೋಗುವ ವೀರ್ಯ ಹೆಚ್ಚೆಂದರೆ ಒಂದು ಚಮಚದಷ್ಟು. ಅದರಲ್ಲಿ ಬಹುಪಾಲು ಪ್ರಾಸ್ಟೇಟ್ ಮತ್ತು ವೀರ್ಯಕೋಶ ಎಂಬ ಗ್ರಂಥಿಗಳು ಸುರಿಸುವ ದ್ರವ. ದೇಹ ಅದನ್ನು ಮತ್ತೆ ಮಾಡಿಕೊಳ್ಳುತ್ತದೆ, ಬಾಯಲ್ಲಿ ಜೊಲ್ಲು ಊರಿದ ಹಾಗೆ. ಈ ಧಾತು ಚಿಂತೆಗೆ ಮನೋವೈದ್ಯ ಎನ್. ಎನ್. ವಿಗ್ ಅವರು 1960ರಲ್ಲೇ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಅಂದರೆ ಈ ಭಯವನ್ನು ಹೊತ್ತು ಓಡಾಡಿದವರು ಈರಣ್ಣ ಒಬ್ಬರೇ ಅಲ್ಲ.

"ಹಂಗಾದ್ರ ಎಷ್ಟೊತ್ತು ನಿಲ್ಲಬೇಕ್ರಿ? ಅರ್ಧ ತಾಸು?" ಅಂದರು. ಮೊಬೈಲಿನಲ್ಲಿ ನೋಡಿದ ಲೆಕ್ಕ ಅದು.

2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ವಿಷಯ ಹೇಳಿದೆ. ನೆದರ್ಲೆಂಡ್ಸ್, ಬ್ರಿಟನ್, ಸ್ಪೇನ್, ಟರ್ಕಿ, ಅಮೆರಿಕದ ಸುಮಾರು 500 ಜೋಡಿಗಳು ಸ್ಟಾಪ್‌ವಾಚ್ ಇಟ್ಟುಕೊಂಡು ಅಳೆದರು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಡುವಿನವರಿಗೆ ಬಂದ ಸಮಯ 5.4 ನಿಮಿಷ. ಅರ್ಧ ನಿಮಿಷದವರೂ ಇದ್ದರು, 44 ನಿಮಿಷದವರೂ ಇದ್ದರು. ಈರಣ್ಣ "ಐದಾ?" ಅಂತ ಎರಡು ಸಲ ಕೇಳಿದರು. ಅವರ ಮುಖದಲ್ಲಿ ನಗು ಕಂಡಿದ್ದು ಆಗಲೇ.

ಎರಡನೇ ಭೇಟಿಗೆ ಮುಂಚೆ ವೈದ್ಯರ ಹತ್ತಿರ ಕಳಿಸಿದೆ. ಸಕ್ಕರೆ, ಥೈರಾಯ್ಡ್, ಮೂತ್ರ ಎಲ್ಲವೂ ಸರಿ ಬಂತು. ಹಳೇ ಕ್ಯಾಪ್ಸೂಲ್, ಪುಡಿ ನಿಲ್ಲಿಸಿದೆವು. ಅದರಲ್ಲಿ ಏನು ಬೆರೆಸಿದ್ದಾರೋ ತಿನ್ನುವವರಿಗೆ ಗೊತ್ತಾಗುವುದಿಲ್ಲ, ಅಲ್ವಾ?

ರೇಣುಕಾ ಬಂದಿದ್ದು ಮೂರನೇ ಸಲ. ಇಬ್ಬರನ್ನೂ ಕೂರಿಸುವ ಮೊದಲು ಅವರೊಬ್ಬರ ಹತ್ತಿರವೇ ಮಾತಾಡಿದೆ. ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಲಗೂ ಆಗೋದು ನನಗ ದೊಡ್ಡದಲ್ರಿ. ಆದಮ್ಯಾಲೆ ಗ್ವಾಡಿ ಕಡೆ ತಿರುಗಿ ಮಲಕ್ಕಂತಾರ. ಒಂದು ಮಾತಿಲ್ಲ. ನಾನು ಇಷ್ಟ ಇಲ್ಲ, ಬ್ಯಾಗ ಮುಗಿಸಿಬಿಡ್ತಾರ ಅನ್ಕಂಡಿದ್ದೆ."

ಹದಿನಾಲ್ಕು ತಿಂಗಳು ಒಂದೇ ಹಾಸಿಗೆ. ಅವರು ನಾಚಿಕೆಯಿಂದ ಗೋಡೆ ನೋಡುತ್ತಿದ್ದರು, ಇವರು ಬೇಡವಾದೆನೇನೋ ಅಂತ ಅಳುತ್ತಿದ್ದರು. ನಾನು ಈ ಮಾತನ್ನು ರೇಣುಕಾ ಅವರ ಬಾಯಿಂದಲೇ ಈರಣ್ಣನಿಗೆ ಹೇಳಿಸಿದೆ. ಈರಣ್ಣ ಬಹಳ ಹೊತ್ತು ಸುಮ್ಮನಿದ್ದು, "ನೀನು ತವರಿಗೆ ಹೋಗಿಬಿಡ್ತಿ ಅಂತ ಹೆದರಿದ್ದೆ" ಅಂದರು.

ಆವತ್ತೇ ಮನೆಯ ವಿಷಯವೂ ಬಂತು. ಎರಡು ಕೋಣೆಯ ಬಾಡಿಗೆ ಮನೆ. ಹೊರಗಿನ ಕೋಣೆಯಲ್ಲಿ ಅಪ್ಪ, ಅವ್ವ, ತಮ್ಮ. ಒಳಗಿನದು ಇವರದು. ಆದರೆ ಅಕ್ಕಿ ಡಬ್ಬ, ಬಟ್ಟೆ ಟ್ರಂಕು ಇರುವುದೂ ಅಲ್ಲೇ, ಬಚ್ಚಲಿಗೆ ದಾರಿಯೂ ಅದೇ. ಬಾಗಿಲಿಗೆ ಚಿಲಕ ಇಲ್ಲ, ಮುಚ್ಚಿದರೂ ತಾನೇ ತೆರೆದುಕೊಳ್ಳುತ್ತದೆ. ರಾತ್ರಿ ಯಾರಾದರೂ ಎದ್ದರೆ ಅಂತ ಒಂದು ಕಿವಿ ಸದಾ ಹೊರಗೆ. ಅದಕ್ಕೂ ಮೊದಲು, ಹರೆಯದಲ್ಲಿ ಈರಣ್ಣ ಇದ್ದದ್ದು ನಾಲ್ಕು ಹುಡುಗರ ಒಂದು ರೂಮಿನಲ್ಲಿ. ಬಚ್ಚಲಲ್ಲಿ ಎರಡು ನಿಮಿಷ ಜಾಸ್ತಿ ಇದ್ದರೆ ಬಾಗಿಲು ಬಡಿಯುತ್ತಿದ್ದರು. ಮೈ ಹುಟ್ಟಿನಿಂದಲೇ ಬೇಗದ್ದಿರಬಹುದು. ಅದಕ್ಕೆ ಅವಸರ ಕಲಿಸಿದ್ದು ಇಂಥ ಮನೆಗಳು.

ಹಾಗಾಗಿ ನಾನು ಕೊಟ್ಟ ಮೊದಲ ಸಲಹೆ ಗುಳಿಗೆಯದಲ್ಲ, ವ್ಯಾಯಾಮದ್ದೂ ಅಲ್ಲ. ಬಾಗಿಲಿಗೆ ಒಳಗಿನಿಂದ ಒಂದು ಚಿಲಕ ಹಾಕಿಸಿ ಅಂದೆ. ಅಕ್ಕಿ ಡಬ್ಬವನ್ನು ಹೊರಗಿನ ಕೋಣೆಗೆ ಸಾಗಿಸಿ, ಕಿರುಗುಟ್ಟುವ ಮಂಚ ಬಿಟ್ಟು ನೆಲಕ್ಕೆ ಹಾಸಿಗೆ ಹಾಕಿಕೊಳ್ಳಿ ಅಂದೆ.

ಎರಡನೆಯದು, ಎರಡು ವಾರ ಸಂಭೋಗ ಬೇಡ. ಮುಟ್ಟುವುದು, ಮೈ ಸವರುವುದು, ಮಾತಾಡುವುದು ಅಷ್ಟೇ. ಇಲ್ಲಿ ನನ್ನಿಂದ ಒಂದು ತಪ್ಪಾಯಿತು. ಇದರ ಕಾರಣವನ್ನು ಈರಣ್ಣನಿಗೆ ಬಿಡಿಸಿ ಹೇಳಿದ್ದೆ, ರೇಣುಕಾ ಅವರಿಗೆ ಹೇಳಲಿಲ್ಲ. ವಾರದಲ್ಲೇ ಫೋನ್ ಬಂತು, "ನನ್ನಿಂದ ದೂರ ಇರ್ರಿ ಅಂದ್ರಂತಲ್ರಿ ಮೇಡಂ?" ಕ್ಷಮೆ ಕೇಳಿ ಮತ್ತೆ ವಿವರಿಸಿದೆ. 'ಇವತ್ತು ಗೆಲ್ಲಲೇಬೇಕು' ಎಂಬ ಪರೀಕ್ಷೆಯನ್ನು ತೆಗೆದುಹಾಕಿದರೆ ಮೈ ಸಡಿಲವಾಗುತ್ತದೆ, ಅದಕ್ಕಾಗಿ ಈ ಎರಡು ವಾರ. ಅಂದಿನಿಂದ ಏನು ಹೇಳಿದರೂ ಇಬ್ಬರ ಮುಂದೆಯೇ ಹೇಳುತ್ತೇನೆ.

ಆಮೇಲೆ ನಿಲ್ಲಿಸಿ ಶುರುಮಾಡುವ ಅಭ್ಯಾಸ. ಇದನ್ನು 1956ರಲ್ಲಿ ಜೇಮ್ಸ್ ಸೆಮನ್ಸ್ ಎಂಬ ವೈದ್ಯರು ಬರೆದಿಟ್ಟರು. ಮೊದಲು ಒಬ್ಬರೇ, ಕೈಯಿಂದ. ಉದ್ರೇಕಕ್ಕೆ ಹತ್ತರಲ್ಲಿ ಅಂಕ ಕೊಡುವುದಾದರೆ ಏಳಕ್ಕೆ ಬಂದಾಗ ಕೈ ತೆಗೆಯಬೇಕು. ಒಂಬತ್ತಕ್ಕೆ ಹೋದ ಮೇಲೆ ಯಾರಿಂದಲೂ ತಡೆಯಲಾಗದು. ಅರ್ಧ ನಿಮಿಷ, ಮುಕ್ಕಾಲು ನಿಮಿಷ ಬಿಟ್ಟು ಉದ್ರೇಕ ಇಳಿದ ಮೇಲೆ ಮತ್ತೆ ಶುರು. ಮೂರು ಸಲ ಹೀಗೆ ಮಾಡಿ ನಾಲ್ಕನೇ ಸಲ ಬಿಟ್ಟುಬಿಡುವುದು. ಇದು ಕೈಗೆ ಹತ್ತಿದ ಮೇಲೆ ಹೆಂಡತಿಯ ಕೈಯಿಂದ. ಕೊನೆಗೆ ಸಂಭೋಗ, ಅದೂ ಹೆಂಡತಿ ಮೇಲಿದ್ದು, ಒಳಗೆ ಹೋದ ಮೇಲೆ ಸ್ವಲ್ಪ ಹೊತ್ತು ಅಲ್ಲಾಡದೆ. ಎಷ್ಟೋ ಗಂಡಸರಿಗೆ ಈ 'ಏಳು' ಎಲ್ಲಿ ಬರುತ್ತದೆ ಅನ್ನುವುದೇ ಗೊತ್ತಿರುವುದಿಲ್ಲ. ನಾಲ್ಕರಿಂದ ಹತ್ತಕ್ಕೆ ನೆಗೆದ ಹಾಗೆ ಅನ್ನಿಸುತ್ತದೆ.

ಈರಣ್ಣನಿಗೆ ಇದು ಬೇಗ ಅರ್ಥವಾಯಿತು. "ಮಷಿನ್ ಪೆಡಲ್ ಇದ್ದಂಗ್ರಿ. ದಪ್ಪ ಬಟ್ಟಿ ನಾಕು ಪದರ ಕೂಡೋ ಜಾಗದಾಗ ಫುಲ್ ತುಳಿದ್ರ ಸೂಜಿ ಮುರೀತೈತಿ. ಕಾಲು ಸಡ್ಲ ಬಿಡಬೇಕು." ಹೇಳುತ್ತಾ ಟೇಬಲ್ ಕೆಳಗೆ ಅವರ ಬಲಗಾಲು ಮೆಲ್ಲಗೆ ಏಳುತ್ತಿತ್ತು, ಇಳಿಯುತ್ತಿತ್ತು. "ಆ ಜಾಗದಾಗ ನಾನು ಉಸುರು ಹಿಡೀತೀನ್ರಿ" ಅಂದರು. ಹಾಸಿಗೆಯಲ್ಲೂ ಹಾಗೇ ಹಿಡಿಯುತ್ತಿದ್ದರು. ಉಸಿರು ಬಿಗಿ ಹಿಡಿದರೆ ಹೊಟ್ಟೆ, ತೊಡೆ, ಕೆಳಗಿನ ಸ್ನಾಯು ಎಲ್ಲ ಬಿಗಿಯಾಗಿ ಸ್ಖಲನ ಇನ್ನೂ ಬೇಗ ಬರುತ್ತದೆ. ನಿಧಾನ ಉಸಿರು ಬಿಡುವುದನ್ನು ಬೇರೆಯಾಗಿ ಕಲಿಸಿದೆ.

ಕೆಳಗಿನ ಸ್ನಾಯುಗಳ ವ್ಯಾಯಾಮವನ್ನೂ ಸೇರಿಸಿದೆವು. ಗಾಳಿ ಹೋಗದಂತೆ ತಡೆಯುವಾಗ ಬಿಗಿಯಾಗುತ್ತದಲ್ಲ, ಆ ಸ್ನಾಯು. ಐದು ಎಣಿಸುವ ತನಕ ಬಿಗಿ, ಐದು ಎಣಿಸುವ ತನಕ ಸಡಿಲ. ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಷಿನ್ ಮುಂದೆ ಕೂತೇ ಮಾಡಬಹುದು, ಯಾರಿಗೂ ಗೊತ್ತಾಗದು. ಮೂತ್ರ ಮಾಡುವಾಗ ಮಾತ್ರ ಇದನ್ನು ಮಾಡಬಾರದು. ಸಡಿಲ ಬಿಡುವುದೂ ಬಿಗಿಯಷ್ಟೇ ಮುಖ್ಯ. ಫಲ ಕಾಣಲು ಎರಡು ಮೂರು ತಿಂಗಳು ಬೇಕು.

ಔಷಧಿ ಬೇಡವೇ ಬೇಡ ಅನ್ನುವವಳಲ್ಲ ನಾನು. ಮೊದಲಿಂದಲೂ ಸಮಸ್ಯೆ ಇರುವವರಿಗೆ ಗುಳಿಗೆಯಿಂದ ನಿಜಕ್ಕೂ ಅನುಕೂಲ ಆಗುತ್ತದೆ. ಸೆರೊಟೋನಿನ್ ಮೇಲೆ ಕೆಲಸ ಮಾಡುವ ಗುಳಿಗೆಗಳಲ್ಲಿ ದಿನಾ ತೆಗೆದುಕೊಳ್ಳುವವು ಇವೆ. ಡಪೊಕ್ಸಿಟಿನ್ ಎಂಬುದನ್ನು ಬೇಕಾದಾಗ, ಒಂದರಿಂದ ಮೂರು ತಾಸು ಮೊದಲು ತೆಗೆದುಕೊಳ್ಳುತ್ತಾರೆ. ಇದರಿಂದ ವಾಕರಿಕೆ, ತಲೆಸುತ್ತು ಬರಬಹುದು, ಕೆಲವರು ಎಚ್ಚರ ತಪ್ಪಿ ಬೀಳುವುದೂ ಉಂಟು. ಹೆಂಡದ ಜೊತೆ ಕೂಡದು, ಹೃದಯದ ತೊಂದರೆ ಇದ್ದವರಿಗೆ ಆಗದು. ದಿನದ ಗುಳಿಗೆಯನ್ನು ಒಮ್ಮೆಗೇ ನಿಲ್ಲಿಸಬಾರದು. ಮರಗಟ್ಟಿಸುವ ಸ್ಪ್ರೇ, ಮುಲಾಮು ಕೂಡ ಇವೆ. ಹಚ್ಚಿ ಸ್ವಲ್ಪ ಹೊತ್ತು ಬಿಟ್ಟು ತೊಳೆಯದಿದ್ದರೆ ಹೆಂಡತಿಗೂ ಮರಗಟ್ಟುತ್ತದೆ. ಈರಣ್ಣನ ಗೆಳೆಯರು ಕೊಟ್ಟಿದ್ದ ನೀಲಿ ಗುಳಿಗೆ ಗಡಸುತನಕ್ಕೆ ಇರುವುದು, ಬೇಗ ಆಗುವುದಕ್ಕೆ ಅಲ್ಲ. ನೋವಿನ ಗುಳಿಗೆ ಟ್ರಮಡಾಲ್ ಅನ್ನು ಇದಕ್ಕಾಗಿ ಸುಮ್ನೆ ನುಂಗುವವರಿದ್ದಾರೆ, ಅದು ಚಟವಾಗುತ್ತದೆ. ಇವೆಲ್ಲವನ್ನೂ ಮೆಡಿಕಲ್ ಶಾಪಿನಲ್ಲಿ ಪಿಸುಗುಟ್ಟಿ ಕೇಳಬೇಡಿ. ಜನ ಈಗಲೂ ವಿಮ್ಸ್ ಎಂದೇ ಕರೆಯುವ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ, ರಾಯಚೂರಿನ ರಿಮ್ಸ್‌ನಲ್ಲಿ, ಕೊಪ್ಪಳದ ಕಿಮ್ಸ್‌ನಲ್ಲಿ ಮನೋವೈದ್ಯರಿದ್ದಾರೆ. ಹೋಗುವ ಧೈರ್ಯ ಇನ್ನೂ ಬಂದಿಲ್ಲ ಅನ್ನುವವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಈರಣ್ಣನಿಗೆ ಮನೋವೈದ್ಯರು ಮೂರು ತಿಂಗಳು ಗುಳಿಗೆ ಕೊಟ್ಟು, ಆಮೇಲೆ ಮೆಲ್ಲಗೆ ಇಳಿಸಿದರು.

ಅತ್ತೆ ತಿಂಗಳು ತಿಂಗಳು "ಏನಾರ ವಿಶೇಷ ಐತೇನು?" ಅಂತ ಕೇಳುತ್ತಿದ್ದರು. ಬೇಗ ಆದರೆ ಮಕ್ಕಳಾಗುವುದಿಲ್ಲ ಅಂತ ಇಬ್ಬರೂ ನಂಬಿದ್ದರು. ವೀರ್ಯ ಯೋನಿಯೊಳಗೆ ಬಿದ್ದರೆ ಸಾಕು, ಗರ್ಭಕ್ಕೂ ನಿಮಿಷಕ್ಕೂ ಸಂಬಂಧ ಇಲ್ಲ ಎಂದು ಹೇಳಿದೆ. ರೇಣುಕಾ ಅವರ ಸುಖದ ಮಾತೂ ಆಡಿದೆವು. ಬಹಳ ಹೆಂಗಸರಿಗೆ ಸಂಭೋಗವೊಂದರಿಂದಲೇ ತೃಪ್ತಿ ಸಿಗುವುದಿಲ್ಲ, ಯೋನಿಯ ಮೇಲ್ತುದಿಯಲ್ಲಿರುವ ಚಂದ್ರನಾಡಿಯ ಮೇಲೆ ಸ್ಪರ್ಶ ಬೇಕು. ಅದಕ್ಕೆ ಕೈ ಇದೆ, ಅದಕ್ಕೆ ಯಾವ ಗಡಿಯಾರವೂ ಇಲ್ಲ. ಇದನ್ನು ಹೇಳುವಾಗ ಇಬ್ಬರೂ ತಲೆ ತಗ್ಗಿಸಿದ್ದರು, ಆದರೆ ಕೇಳಿಸಿಕೊಳ್ಳುತ್ತಿದ್ದರು.

ನಡುವೆ ಒಂದು ತಿಂಗಳು ಏನೂ ಆಗಲಿಲ್ಲ. ಹಬ್ಬದ ಆರ್ಡರ್ ಬಂದು ಈರಣ್ಣ ರಾತ್ರಿ ಹನ್ನೊಂದಕ್ಕೆ ಮನೆಗೆ ಬರುತ್ತಿದ್ದರು. ಅಭ್ಯಾಸ ತಪ್ಪಿತು, ಮತ್ತೆ ಮೊದಲಿನ ಹಾಗೇ ಆಯಿತು. "ಎಲ್ಲಾ ಹೋತ್ರಿ" ಅಂತ ಬಂದರು. ಹೋಗಿರಲಿಲ್ಲ. ಕೆಲಸ ಕಡಿಮೆಯಾದ ಮೇಲೆ ಎರಡು ವಾರದಲ್ಲಿ ದಾರಿಗೆ ಬಂತು.

ಆರು ತಿಂಗಳ ಮೇಲೆ ಇಬ್ಬರೂ ಒಟ್ಟಿಗೆ ಬಂದರು. ಗುಳಿಗೆ ನಿಂತಿತ್ತು. ಮೂರು ನಾಲ್ಕು ನಿಮಿಷ ಆಗುತ್ತದೆ, ಕೆಲವು ದಿನ ಈಗಲೂ ಬೇಗ ಆಗುತ್ತದೆ ಎಂದು ಈರಣ್ಣ ಹೇಳಿದರು. "ಬೇಗ ಆದ ದಿನ ಏನು ಮಾಡ್ತೀರಿ?" ಅಂದೆ. ಅವರು ಹೆಂಡತಿಯ ಮುಖ ನೋಡಿದರು.

"ಗ್ವಾಡಿ ಕಡೆ ತಿರುಗಂಗಿಲ್ರಿ ಈಗ" ಅಂದರು ರೇಣುಕಾ.

ಹೊರಡುವಾಗ ಬಾಗಿಲ ಹತ್ತಿರ ನಿಂತು ಅವರೇ ಇನ್ನೊಂದು ಸುದ್ದಿ ಹೇಳಿದರು. ಚಿಲಕ ಹಾಕಿಸಿದಾಗ ಅತ್ತೆಗೆ ಸಿಟ್ಟು ಬಂದಿತ್ತಂತೆ, ಎರಡು ದಿನ ಮಾತಾಡಿರಲಿಲ್ಲವಂತೆ. "ಈಗ ಹಗಲೊತ್ತಿನಾಗ ಬಾಗಿಲು ತೆರೆದಿದ್ರೂ ತಟ್ಟಿ ಬರ್ತಾರ್ರಿ ಮೇಡಂ."