ಮಡಿಲ ಗಿಟಾರಿಗೆ ಯಾವ ಟ್ಯೂನಿಂಗ್? ಓದುಗರ ಪ್ರಶ್ನೆಗಳಿಗೆ ಉತ್ತರ

(ಉತ್ತರಗಳಲ್ಲಿ ತಂತಿಗಳನ್ನು 6ರಿಂದ 1ರವರೆಗೆ, ಅಂದರೆ ದಪ್ಪ ತಂತಿಯಿಂದ ಸಣ್ಣ ತಂತಿಯ ಕಡೆಗೆ ಹೇಳಿದೆ. ಗೇಜ್‌ಗಳನ್ನು (ತಂತಿಯ ದಪ್ಪ) ಮಾತ್ರ ಅಂಗಡಿಯವರ ರೂಢಿಯಂತೆ 1ರಿಂದ ಶುರುಮಾಡಿದೆ. 14 ಎಂದರೆ 0.014 ಇಂಚು.)

ಪ್ರಶ್ನೆ: ಮಾಮೂಲಿ ಅಕೌಸ್ಟಿಕ್ ಗಿಟಾರಿಗೆ ನಟ್ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಎತ್ತರಿಸುವ ಲೋಹದ ಪಟ್ಟಿ ಹಾಕಿಕೊಂಡು, ಮಡಿಲಲ್ಲಿಟ್ಟು ಭಾವಗೀತೆ ನುಡಿಸುವುದನ್ನು ಕಲಿಯುತ್ತಿದ್ದೇನೆ. ಬಾರ್ (ತಂತಿಗಳ ಮೇಲೆ ಜಾರಿಸುವ ಲೋಹದ ಸರಳು) ಇಟ್ಟು ಎಲ್ಲ ತಂತಿ ಮೀಟಿದರೆ ಅಪಸ್ವರ ಬರುತ್ತದೆ. ಓಪನ್ ಡಿ, ಓಪನ್ ಇ ಇವುಗಳಲ್ಲಿ ಯಾವುದು ಒಳ್ಳೆಯದು?
ಕುವೆಂಪುನಗರ, ಮೈಸೂರು

ಉತ್ತರ: ಓಪನ್ ಡಿ, ಅಂದರೆ ತೆರೆದ ತಂತಿಗಳೇ ಡಿ ಮೇಜರ್ ಕಾರ್ಡ್ (ಒಟ್ಟಿಗೆ ಹೊಂದುವ ಸ್ವರಗುಚ್ಛ) ಕೊಡುವ ಟ್ಯೂನಿಂಗ್. ಮಾಮೂಲಿ ಟ್ಯೂನಿಂಗ್ ಇರುವುದು ಬೆರಳಿಗಾಗಿ. ನೇರ ಬಾರ್ ಇಟ್ಟಾಗ ಅದರಲ್ಲಿ 4, 3, 2ನೇ ತಂತಿಗಳು ಮಾತ್ರ ಒಂದು ಮೇಜರ್ ಕಾರ್ಡ್ ಕೊಡುತ್ತವೆ, ಉಳಿದವು ಅದಕ್ಕೆ ಹೊಂದುವುದಿಲ್ಲ. ಓಪನ್ ಡಿ ಮಾಡಲು 6ನೇ ತಂತಿಯನ್ನು ಇ ಇಂದ ಡಿಗೆ, 3ನೆಯದನ್ನು ಜಿ ಇಂದ ಎಫ್ ಶಾರ್ಪ್‌ಗೆ, 2ನೆಯದನ್ನು ಬಿ ಇಂದ ಎಗೆ, 1ನೆಯದನ್ನು ಇ ಇಂದ ಡಿಗೆ ಇಳಿಸಿ. 5 ಮತ್ತು 4ನ್ನು ಮುಟ್ಟುವಂತಿಲ್ಲ. ಸಿಗುವುದು ಡಿ, ಎ, ಡಿ, ಎಫ್ ಶಾರ್ಪ್, ಎ, ಡಿ. ನಮ್ಮ ಲೆಕ್ಕದಲ್ಲಿ ಸ ಪ ಸ ಗ ಪ ಸ. ಇದು ಎರಡು ಮನೆ ಶ್ರುತಿ (ಸಿ ಒಂದು ಮನೆ, ಡಿ ಎರಡು). ಮೊದಲ ತಂತಿಯಲ್ಲಿ 5ನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹಗೆರೆ) ಶುದ್ಧ ಮಧ್ಯಮ, 7 ಪಂಚಮ, 12 ತಾರಷಡ್ಜ.

ಓಪನ್ ಇ ಕೂಡ ಇದೇ ಸಪಸಗಪಸ, ಒಂದು ಸ್ವರ ಮೇಲೆ ಅಷ್ಟೆ. ಆದರೆ ಅಲ್ಲಿಗೆ ಹೋಗಲು 5 ಮತ್ತು 4ನೇ ತಂತಿಗಳನ್ನು ಎರಡೆರಡು ಅರ್ಧಸ್ವರ (ಒಂದು ಫ್ರೆಟ್‌ನಷ್ಟು ಅಂತರ), 3ನೆಯದನ್ನು ಒಂದು ಅರ್ಧಸ್ವರ ಏರಿಸಬೇಕು. ಎರಡು ಅರ್ಧಸ್ವರ ಏರಿದರೆ ತಂತಿಯ ಎಳೆತ ಶೇ. 26ರಷ್ಟು, ಒಂದು ಏರಿದರೆ ಶೇ. 12ರಷ್ಟು ಹೆಚ್ಚುತ್ತದೆ. ಅಂಟಿನಿಂದ ಕೂರಿಸಿದ ಬ್ರಿಡ್ಜ್ (ಒಡಲಿನ ಮೇಲೆ ತಂತಿಗಳ ಬುಡ ಹಿಡಿಯುವ ಪಟ್ಟಿ) ಇರುವ ಅಗ್ಗದ ಗಿಟಾರಿನಲ್ಲಿ ಆ ಎಳೆತ ಬ್ರಿಡ್ಜ್‌ನ ಹಿಂಬದಿಯನ್ನು ಮೇಲೆತ್ತುತ್ತದೆ. ಮಡಿಲಲ್ಲಿ ನುಡಿಸಲೆಂದೇ ಇರುವ ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್ ಗಟ್ಟಿ ಮರದ್ದು, ಅದಕ್ಕೆ ಓಪನ್ ಇ ಧಾರಾಳವಾಗಿ ಆಗುತ್ತದೆ.

ಓಪನ್ ಡಿಯಲ್ಲಿ ಬರುವ ತೊಂದರೆ ಬೇರೆ. ಹೊಸ ಗಿಟಾರಿನ ಜೊತೆ ಬರುವ 10 ಅಥವಾ 11ರ ಮೊದಲ ತಂತಿ ಡಿಗೆ ಇಳಿದಾಗ ಸಡಿಲವಾಗಿ, ಬಾರ್‌ನ ಭಾರಕ್ಕೇ ಕುಗ್ಗುತ್ತದೆ. ಕುಗ್ಗಿದಷ್ಟೂ ಸ್ವರ ಏರುತ್ತದೆ. ಕೈ ಸರಿಯಿದ್ದರೂ ಕಿವಿಗೆ ತಪ್ಪು ಕೇಳುತ್ತದೆ. 14, 18, 26, 32, 42, 56 ಹಾಕಿ. ಮೊದಲೆರಡು ಬರಿ ಉಕ್ಕು, ಉಳಿದವು ಸುತ್ತಿದ ತಂತಿ. ಈ ಅಳತೆಯ ಸೆಟ್ ಸಿಗದಿದ್ದರೆ ಬಿಡಿ ತಂತಿ ಕೊಂಡು ಜೋಡಿಸಿಕೊಳ್ಳಿ. ನಟ್ ಬಳಿ ತಂತಿ ಫಲಕದಿಂದ ಸುಮಾರು 10 ಮಿ.ಮೀ. ಮೇಲಿದ್ದರೆ ಬಾರ್ ಫ್ರೆಟ್‌ಗೆ ತಾಗುವುದಿಲ್ಲ.

ಪ್ರಶ್ನೆ: ಓಪನ್ ಡಿಯಲ್ಲಿ ಮೋಹನ ಚೆನ್ನಾಗಿ ಬರುತ್ತದೆ, ಆಭೇರಿ ಕೆಡುತ್ತದೆ. ಏಕೆ?
ವಿ.ವಿ. ಮೊಹಲ್ಲಾ, ಮೈಸೂರು

ಉತ್ತರ: ಕೆಡಿಸುತ್ತಿರುವುದು 3ನೇ ತಂತಿ. ಅದು ಅಂತರ ಗಾಂಧಾರ. ಮೋಹನ, ಹಂಸಧ್ವನಿ, ಕಲ್ಯಾಣಿ, ಶಂಕರಾಭರಣಕ್ಕೆಲ್ಲ ಅದು ಬೇಕಾದ ಸ್ವರ. ಆಭೇರಿ, ಖರಹರಪ್ರಿಯಕ್ಕೆ ಅದಕ್ಕಿಂತ ಅರ್ಧಸ್ವರ ಕೆಳಗಿನ ಸಾಧಾರಣ ಗಾಂಧಾರ ಬೇಕು. ನೀವು ಆ ತಂತಿಯನ್ನು ಮೀಟದೇ ಇದ್ದರೂ ಪಕ್ಕದ ತಂತಿಗಳ ಕಂಪನಕ್ಕೆ ಅದು ತಾನೇ ಮಿಡಿಯುತ್ತದೆ. ಎಡಗೈಯ ಉಂಗುರ ಬೆರಳು, ಕಿರುಬೆರಳನ್ನು ಬಾರ್‌ನ ಹಿಂದೆ ತಂತಿಗಳ ಮೇಲೆ ಹಗುರವಾಗಿ ಎಳೆಯುತ್ತ ಹೋಗುವುದು ಅರ್ಧ ಪರಿಹಾರ.

ಪೂರ್ತಿ ಪರಿಹಾರ ಬೇಕಾದರೆ ಗೋಟುವಾದ್ಯದ (ಮೆಟ್ಟಿಲಿಲ್ಲದೆ, ತುಂಡು ಜಾರಿಸಿ ನುಡಿಸುವ ವೀಣೆ) ದಾರಿ ಹಿಡಿಯಿರಿ. ಅಲ್ಲಿ ನುಡಿಸುವ ತಂತಿಗಳಲ್ಲಿ ಷಡ್ಜ, ಪಂಚಮ ಬಿಟ್ಟು ಬೇರೆ ಸ್ವರವಿಲ್ಲ, ಹಾಗಾಗಿ ಯಾವ ರಾಗಕ್ಕೂ ಅಡ್ಡಿಯಿಲ್ಲ. ನಿಮ್ಮ 3ನೇ ತಂತಿ ತೆಗೆದು ಅಲ್ಲಿ 30ರದ್ದು ಹಾಕಿ, 4ನೆಯದರ ಡಿಗೇ ಸೇರಿಸಿ: ಸ ಪ ಸ ಸ ಪ ಸ. 26ರ ತಂತಿಯನ್ನೇ ನಾಲ್ಕು ಅರ್ಧಸ್ವರ ಇಳಿಸಿದರೆ ಅದು ಜೋತುಬಿದ್ದು ಬಡಿಯುತ್ತದೆ. ಹಿಂದೋಳದಲ್ಲಿ ಪಂಚಮವೇ ಇಲ್ಲವಲ್ಲ, ಅದಕ್ಕೆ ಪ ತಂತಿಗಳೆರಡನ್ನೂ ಜಿಗೆ ಇಳಿಸಿ ಮಧ್ಯಮ ಮಾಡಿಕೊಳ್ಳಿ.

ಗಾಂಧಾರದ ತಂತಿ ಇಟ್ಟುಕೊಳ್ಳುವವರಿಗೆ ಇನ್ನೊಂದು ಮಾತು. ತಂಬೂರಿಯ ಮಂದ್ರ ಷಡ್ಜದಲ್ಲಿ ತಾನಾಗಿ ಕೇಳುವ ಗಾಂಧಾರಕ್ಕೂ ಟ್ಯೂನರ್ ತೋರಿಸುವ ಎಫ್ ಶಾರ್ಪ್‌ಗೂ 14 ಸೆಂಟ್ (ಅರ್ಧಸ್ವರದ ನೂರರಲ್ಲೊಂದು ಪಾಲು ಒಂದು ಸೆಂಟ್) ವ್ಯತ್ಯಾಸ, ಟ್ಯೂನರ್‌ನದು ಹೆಚ್ಚು. ತಂಬೂರಿ ಜೊತೆ ನುಡಿಸುವಾಗ ಮುಳ್ಳು ಅಷ್ಟು ಕೆಳಗೆ ನಿಲ್ಲಲಿ. ಕೀಬೋರ್ಡ್ ಜೊತೆಗಾದರೆ ಐದಾರು ಸೆಂಟ್ ಇಳಿಸಿದರೆ ಸಾಕು, ಇಲ್ಲದಿದ್ದರೆ ಎರಡೂ ಒಂದಕ್ಕೊಂದು ಉಜ್ಜಿದ ಹಾಗಾಗುತ್ತದೆ.

ಪ್ರಶ್ನೆ: ಹಳೆಯದೊಂದು ರೆಸೊನೇಟರ್ ಗಿಟಾರ್ ಕೊಂಡಿದ್ದೇನೆ. ಕತ್ತು ಗುಂಡಗಿದೆ, ಒಳಗೆ ದನಿ ಹೆಚ್ಚಿಸುವ ಲೋಹದ ಕೋನ್ ಒಂದೇ. ಡೊಬ್ರೊ (ಮಡಿಲಲ್ಲಿ ನುಡಿಸುವ ರೆಸೊನೇಟರ್ ಗಿಟಾರ್) ನುಡಿಸುವವರ ಜಿ ಟ್ಯೂನಿಂಗ್ ಮಾಡಬಹುದೆ?
ಮಂಡ್ಯ

ಉತ್ತರ: ಈಗಿರುವ ತಂತಿಯಲ್ಲಿ ಬೇಡ. ಡೊಬ್ರೊ ಜಿ ಎಂದರೆ ಜಿ, ಬಿ, ಡಿ, ಜಿ, ಬಿ, ಡಿ. ಮಾಮೂಲಿ ತಂತಿಯಲ್ಲಿ 6ನೆಯದು ಇ ಇಂದ ಜಿಗೆ ಮೂರು ಅರ್ಧಸ್ವರ ಏರಬೇಕು, ಎಳೆತ ಶೇ. 41ರಷ್ಟು ಜಾಸ್ತಿ. 5ನೆಯದು ಎ ಇಂದ ಬಿಗೆ, ಶೇ. 26. ಚೌಕ ಕತ್ತಿನ ವಾದ್ಯವನ್ನು ಮಡಿಲಲ್ಲಿ ನುಡಿಸಲೆಂದೇ, ಈ ಎಳೆತ ತಡೆಯಲೆಂದೇ ಮಾಡಿರುತ್ತಾರೆ. ಗುಂಡು ಕತ್ತು ಬಾಗುತ್ತದೆ. ತಂತಿಗಳು ಬ್ರಿಡ್ಜ್ ಮೂಲಕ ಕೋನನ್ನು ಕೆಳಗೆ ಒತ್ತುವುದರಿಂದ ತೆಳು ಅಲ್ಯೂಮಿನಿಯಂ ಕೋನ್ ಕುಸಿಯಲೂಬಹುದು.

ನಿಮಗೆ ಸಲೀಸಾದದ್ದು ಡಿ, ಜಿ, ಡಿ, ಜಿ, ಬಿ, ಡಿ. 6, 5, 1ನ್ನು ಎರಡೆರಡು ಅರ್ಧಸ್ವರ ಇಳಿಸಿದರೆ ಮುಗಿಯಿತು. ಪ ಸ ಪ ಸ ಗ ಪ, ಐದು ಮನೆಯ ಶ್ರುತಿ. ಡೊಬ್ರೊ ಜಿಯೇ ಬೇಕೆಂದು ಹಟವಿದ್ದರೆ 6ಕ್ಕೆ 44, 5ಕ್ಕೆ 36 ಹಾಕಿ. ತಂತಿ ಸಣ್ಣದಾದ ಕಾರಣ ಆ ಎತ್ತರದಲ್ಲೂ ಎಳೆತ ಮಿತಿಯೊಳಗಿರುತ್ತದೆ. ಚೌಕ ಕತ್ತಿಗೆಂದು ಮಾರುವ 16ರಿಂದ 56ರ ಸೆಟ್ಟನ್ನು ಮಾತ್ರ ಇದಕ್ಕೆ ಹಾಕಬೇಡಿ.

ತಂತಿ ಬದಲಿಸುವಾಗ ಎಲ್ಲವನ್ನೂ ಒಟ್ಟಿಗೆ ಬಿಚ್ಚಬಾರದು. ನಿಮ್ಮದು ಬಹುಶಃ ಬಿಸ್ಕೆಟ್ ಮಾದರಿ, ಅಂದರೆ ಕೋನಿನ ತುದಿಯಲ್ಲಿ ಮರದ ಬಿಲ್ಲೆ, ಅದರ ಮೇಲೆ ಬ್ರಿಡ್ಜ್. ಕೋನನ್ನು ಅದರ ಜಾಗದಲ್ಲಿ ಹಿಡಿದಿಡುವುದು ತಂತಿಗಳ ಒತ್ತಡವೇ. ಅದು ಹೋದರೆ ಕೋನ್ ಸರಿದು, ಮತ್ತೆ ಕಟ್ಟಿದಾಗ ಸ್ವರ ಎಲ್ಲೆಲ್ಲೋ ನಿಲ್ಲುತ್ತದೆ. ಒಂದೊಂದೇ ತೆಗೆದು ಒಂದೊಂದೇ ಹಾಕಿ. ಇಳಿಸಿದ ಮೇಲೆ ಝೇಂಕಾರದಂಥ ಕರಕರ ಶುರುವಾದರೆ, ಒತ್ತಡ ಕಡಿಮೆಯಾಗಿ ಕೋನಿನ ಅಂಚು ಕೂರುತ್ತಿಲ್ಲ ಎಂದರ್ಥ. ಅದಕ್ಕೂ ಮದ್ದು ದಪ್ಪ ತಂತಿ. ಅಂಚಿಗೆ ಅಂಟು ಹಚ್ಚುವವರಿದ್ದಾರೆ, ಆ ಕೆಲಸ ಮಾಡಬೇಡಿ, ಕೋನಿನ ದನಿಯೇ ಸತ್ತುಹೋಗುತ್ತದೆ.

ನಟ್ ಎತ್ತರಿಸಲು ಲೋಹದ ಪಟ್ಟಿ ಸಿಗದಿದ್ದರೆ ಮೈಸೂರಿನಲ್ಲಿ ಬೀಟೆ ಮರದ ಕುಸುರಿ ಕೆಲಸದವರಲ್ಲಿ ತುಂಡೊಂದನ್ನು ಕೇಳಿ ನೋಡಿ. ಗಟ್ಟಿ ಮರ, ತಂತಿ ಬೇಗ ಕೊರೆಯುವುದಿಲ್ಲ.

ಪ್ರಶ್ನೆ: ಆರ್ಕೆಸ್ಟ್ರಾದಲ್ಲಿ ಹಳೆಯ ಚಿತ್ರಗೀತೆಗೆ ಆರು ತಂತಿಯ ಎಲೆಕ್ಟ್ರಿಕ್ ಲ್ಯಾಪ್ ಸ್ಟೀಲ್ ನುಡಿಸುತ್ತೇನೆ. ಓಪನ್ ಇಯಲ್ಲಿ ಮೈನರ್ ಕಾರ್ಡ್ ಸಿಗುತ್ತಿಲ್ಲ.
ಮದ್ದೂರು

ಉತ್ತರ: ಸಿ ಸಿಕ್ಸ್‌ಗೆ ಬನ್ನಿ: ಸಿ, ಇ, ಜಿ, ಎ, ಸಿ, ಇ. ಒಂದೇ ಬಾರ್ ಸ್ಥಾನದಲ್ಲಿ 6, 5, 4 ಮೀಟಿದರೆ ಮೇಜರ್. 3, 2, 1 ಮೀಟಿದರೆ ಅದರ ಜೊತೆಗಾರ ಮೈನರ್. ತೆರೆದ ತಂತಿಯಲ್ಲಿ ಸಿ ಮತ್ತು ಎ ಮೈನರ್. 5ನೇ ಫ್ರೆಟ್‌ನಲ್ಲಿ ಎಫ್ ಮತ್ತು ಡಿ ಮೈನರ್, 7ರಲ್ಲಿ ಜಿ ಮತ್ತು ಇ ಮೈನರ್. ಒಂದು ಹಾಡಿನ ಮುಕ್ಕಾಲು ಪಾಲು ಕಾರ್ಡ್ ಈ ಮೂರು ಜಾಗದಲ್ಲೇ ಬಂತು. ಆರನ್ನೂ ಒಟ್ಟಿಗೆ ಎಳೆದರೆ ಬರುವ ಸಿಕ್ಸ್ತ್ ಕಾರ್ಡ್ ಹವಾಯಿಯ ಆ ಹಳೆಯ ಸಿಹಿ ದನಿ, ಹಾಡಿನ ಕೊನೆಗೆ ಒಂದು ಸಲ ಸಾಕು. 22.5 ಇಂಚಿನ ಸ್ಕೇಲ್‌ಗೆ (ನಟ್‌ನಿಂದ ಬ್ರಿಡ್ಜ್‌ವರೆಗಿನ ತಂತಿಯ ಉದ್ದ) 15, 18, 22, 26, 32, 40. ಕಳೆದುಕೊಳ್ಳುವುದು ಮಂದ್ರದ ತುಂಬು ದನಿ. ಸಪ ಹಿಡಿದು ಗುಂಯ್‌ಗುಟ್ಟುವ ಜನಪದ ಗೀತೆಗೆ ಓಪನ್ ಇಯೇ ಮೇಲು.

ಪ್ರಶ್ನೆ: ಗಾಯಕರು ಬದಲಾದಂತೆ ಶ್ರುತಿ ಬದಲಿಸಬೇಕೆ? ಒಬ್ಬರದು ಒಂದು ಮನೆ, ಇನ್ನೊಬ್ಬರದು ಐದೂವರೆ.
ಸರಸ್ವತಿಪುರಂ, ಮೈಸೂರು

ಉತ್ತರ: ಹಾಕಿದ ತಂತಿಗೆ ಒಂದು ಅರ್ಧಸ್ವರ ಮೇಲೆ, ಎರಡು ಕೆಳಗೆ ತನಕ ಬದಲಿಸಬಹುದು. ಓಪನ್ ಡಿ ಇಟ್ಟುಕೊಂಡರೆ ಒಂದರಿಂದ ಎರಡೂವರೆ ಮನೆವರೆಗೆ ನಡೆಯುತ್ತದೆ. ಐದೂವರೆಗೆ 6ನೇ ಫ್ರೆಟ್ಟನ್ನೇ ಷಡ್ಜವೆಂದು ನುಡಿಸಿ, ತೆರೆದ ತಂತಿ ಮುಟ್ಟಬೇಡಿ. ಇಲ್ಲವೇ ಓಪನ್ ಜಿಯ ಇನ್ನೊಂದು ವಾದ್ಯ ಇಟ್ಟುಕೊಂಡು ಅರ್ಧಸ್ವರ ಏರಿಸಿ. ಹಾಡು ಹಾಡಿಗೂ ಕಿವಿ ತಿರುಚುತ್ತ ಕೂತರೆ ತಂತಿ ಎಲ್ಲೂ ನೆಲೆ ನಿಲ್ಲುವುದಿಲ್ಲ.

ಪ್ರಶ್ನೆ: ಟ್ಯೂನರ್‌ನಲ್ಲಿ ಎಲ್ಲ ಸರಿ, ಬಾರ್ ಇಟ್ಟರೆ ಸ್ವರ ಕೆಳಗೆ. ಗಿಟಾರ್ ಕೆಟ್ಟಿದೆಯೆ?
ಶ್ರೀರಂಗಪಟ್ಟಣ

ಉತ್ತರ: ಬೆರಳಿನಲ್ಲಿ ನುಡಿಸುವಾಗ ಫ್ರೆಟ್‌ನ ಹಿಂದೆ ಒತ್ತುವ ಅಭ್ಯಾಸ ಉಳಿದಿರಬೇಕು. ಬಾರ್‌ನ ನಡುಗೆರೆ ಫ್ರೆಟ್ ತಂತಿಯ ನೇರ ಮೇಲೆಯೇ ನಿಲ್ಲಬೇಕು. ತಂತಿ ಎತ್ತರದಲ್ಲಿರುವುದರಿಂದ ಓರೆಯಾಗಿ ನೋಡಿದರೆ ಸ್ಥಾನ ತಪ್ಪಿ ಕಾಣುತ್ತದೆ, ಆ ಫ್ರೆಟ್‌ನ ಮೇಲಕ್ಕೇ ಬಗ್ಗಿ ನೋಡಿ. ಆಮೇಲೂ ತಪ್ಪಿದರೆ 12ನೇ ಫ್ರೆಟ್‌ನಲ್ಲಿ ತಂತಿಯನ್ನು ಬೆರಳಿನಿಂದ ಬರೀ ಸೋಕಿಸಿ ಹಾರ್ಮೋನಿಕ್ ತೆಗೆಯಿರಿ, ಬಳಿಕ ಅಲ್ಲೇ ಬಾರ್ ಇಟ್ಟು ಮೀಟಿ. ಎರಡೂ ಒಂದೇ ಸ್ವರ ಕೊಡಬೇಕು. ಬಾರ್‌ನದು ಕೆಳಗಿದ್ದರೆ ಎತ್ತರಿಸುವ ಪಟ್ಟಿ ಬ್ರಿಡ್ಜ್ ಕಡೆ ವಾಲಿದೆಯೇ, ಸರಿದು ಮುಂದೆ ಬಂದಿದೆಯೇ ನೋಡಿ. ತಂತಿ ಸಡಿಲಿಸಿ ಪಟ್ಟಿಯನ್ನು ಹೆಡ್‌ಸ್ಟಾಕ್ (ಕಿವಿಗಳಿರುವ ತಲೆಭಾಗ) ಕಡೆಗೆ ತಳ್ಳಿ ಕೂರಿಸಿ, ಮತ್ತೆ ಶ್ರುತಿ ಮಾಡಿ.