ಕತೆಯ ಹೊತ್ತಿಗೆ ಎದ್ದು ಓಡುವ ಮಗು

ಪ್ರಶ್ನೆ: ನನ್ನ ಮಗನಿಗೆ ಎರಡೂವರೆ ವರ್ಷ. ಎರಡು ತಿಂಗಳಿನಿಂದ ಮನೆಯ ಹತ್ತಿರದ ಶಿಶುವಿಹಾರಕ್ಕೆ ಹೋಗುತ್ತಿದ್ದಾನೆ. ಅಲ್ಲಿ ಬೆಳಗ್ಗೆಯೆಲ್ಲ ಆಟ, ಆಮೇಲೆ ಮಕ್ಕಳನ್ನು ಚಾಪೆಯ ಮೇಲೆ ಕೂರಿಸಿಕೊಂಡು ಒಂದು ಕತೆ, ಅಷ್ಟೇ. ಅಕ್ಷರ ಬರೆಸುವುದಿಲ್ಲ. ಪಕ್ಕದ ಮನೆಯ ಅದೇ ವಯಸ್ಸಿನ ಹುಡುಗಿ ಆಗಲೇ ಸ್ಲೇಟಿನ ಮೇಲೆ ಅ, ಆ ತಿದ್ದುತ್ತಿದ್ದಾಳೆ. ಇವನು ಕತೆಗೂ ಕೂರದೆ ನಡುವೆಯೇ ಎದ್ದು ಓಡಾಡುತ್ತಾನಂತೆ. ‘ಆಟ ಆಡಿಸುವುದಕ್ಕೆ ದುಡ್ಡು ಕೊಡಬೇಕೇ?’ ಎಂದು ನಮ್ಮ ಮಾವನವರು ಕೇಳುತ್ತಾರೆ. ಬೇರೆ ಕಡೆ ಸೇರಿಸಬೇಕೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ದಯವಿಟ್ಟು ಬದಲಿಸಬೇಡಿ. ನೀವು ವಿವರಿಸಿದ ರೀತಿಯಲ್ಲೇ ಅಲ್ಲಿ ದಿನ ನಡೆಯುತ್ತಿದ್ದರೆ, ನಿಮ್ಮ ಮಗ ಈ ವಯಸ್ಸಿಗೆ ಬೇಕಾದ ಜಾಗದಲ್ಲಿಯೇ ಇದ್ದಾನೆ.

ಮೊದಲು ಅವನ ಓಡಾಟದ ಮಾತು. ಎರಡೂವರೆ ವರ್ಷದ ಮಗು ಒಂದೆಡೆ ಕೂತು ಕೇಳುವುದು ಕೆಲವೇ ನಿಮಿಷ, ಏಕೆಂದರೆ ಕೂರುವುದು ಕೂಡ ಅದು ಇನ್ನೂ ಕಲಿಯುತ್ತಿರುವ ವಿದ್ಯೆ. ಆದರೆ ಎದ್ದು ಹೋದ ಮಗು ಕೇಳುತ್ತಿಲ್ಲ ಎಂದುಕೊಳ್ಳಬಾರದು. ಒಮ್ಮೆ ಒಂದು ಶಿಶುವಿಹಾರದಲ್ಲಿ ಕಾಗಕ್ಕ ಗುಬ್ಬಕ್ಕನ ಕತೆ ನಡೆಯುತ್ತಿತ್ತು. ಮಳೆಗೆ ಮನೆ ಕಳೆದುಕೊಂಡ ಕಾಗಕ್ಕ ಬಂದು ಬಾಗಿಲು ಬಡಿಯುತ್ತಾಳೆ, ಗುಬ್ಬಕ್ಕ ಪ್ರತಿ ಸಲವೂ ಒಂದು ನೆಪ ಹೇಳಿ ಕಾಯಿಸುತ್ತಾಳೆ. ಒಬ್ಬ ಪುಟ್ಟ ಹುಡುಗ ಮಾತ್ರ ಕಿಟಕಿಯ ಬಳಿ ನಿಂತು ಸ್ಟೀಲ್ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದ. ಮೂರನೆಯ ಸಲ ಬಾಗಿಲು ಬಡಿದು ಶಿಕ್ಷಕಿ ಮಾತು ನಿಲ್ಲಿಸಿದಾಗ, ಚಾಪೆಯ ಮೇಲಿದ್ದವರೆಲ್ಲರಿಗಿಂತ ಮೊದಲು, ತಿರುಗಿಯೂ ನೋಡದೆ, ‘ತಾಳು!’ ಎಂದವನು ಅವನೇ.

ಆ ಒಂದು ಪದದಲ್ಲಿ ಎಷ್ಟು ಕಲಿಕೆ ಇದೆ ನೋಡಿ. ಹಿಂದೆ ನಡೆದದ್ದನ್ನು ನೆನಪಿನಲ್ಲಿಟ್ಟು ಮುಂದೆ ಏನಾಗುತ್ತದೆ ಎಂದು ಊಹಿಸಿದ್ದಾನೆ, ಇನ್ನೊಬ್ಬರು ಮಾತು ನಿಲ್ಲಿಸಿದಾಗ ತನ್ನ ಸರದಿ ಎಂದು ಅರಿತಿದ್ದಾನೆ, ಮನೆಯಲ್ಲಿ ಅಪರೂಪವಾದ ಒಂದು ಪದವನ್ನು ಸರಿಯಾದ ಜಾಗದಲ್ಲಿ ಬಳಸಿದ್ದಾನೆ. ಗುಂಪಿನಲ್ಲಿ ಕೇಳುವಾಗ ಇದಕ್ಕೆ ಇನ್ನೊಂದು ಬಲ ಸೇರುತ್ತದೆ: ಎಲ್ಲರೂ ನೋಡುವ ಕಡೆ ನೋಡುವುದು, ಎಲ್ಲರೂ ನಕ್ಕಾಗ ಏಕೆ ನಕ್ಕರೆಂದು ಹುಡುಕುವುದು, ಪಕ್ಕದ ಮಗು ಹೆದರಿದರೆ ಅದರ ಮುಖ ನೋಡುವುದು. ಒಂದೇ ಕತೆಯನ್ನು ವಾರವಿಡೀ ಹೇಳಿದರೂ ಬೇಸರಪಡಬೇಡಿ. ಈ ವಯಸ್ಸಿನ ಮಕ್ಕಳು ‘ಇನ್ನೊಂದ್ಸಲ’ ಎಂದು ಕೇಳುವುದು ತಾವು ಊಹಿಸಿದಂತೆಯೇ ಕತೆ ನಡೆಯುವ ಸುಖಕ್ಕಾಗಿ.

ಇನ್ನು ಸ್ಲೇಟಿನ ವಿಷಯ. ಹುಟ್ಟಿದಾಗ ಮಣಿಕಟ್ಟಿನ ಎಂಟೂ ಮೂಳೆಗಳು ಮೃದ್ವಸ್ಥಿಯಾಗಿರುತ್ತವೆ. ಮೂರನೆಯ ವರ್ಷದ ಹೊತ್ತಿಗೂ ಅವುಗಳಲ್ಲಿ ಎರಡು ಮೂರಷ್ಟೇ ಗಟ್ಟಿಯಾಗತೊಡಗಿರುತ್ತವೆ. ಬೆರಳು, ಅಂಗೈ, ಭುಜದ ಹಿಡಿತವೂ ಇನ್ನೂ ಬೆಳೆಯುತ್ತಿರುತ್ತದೆ. ಆ ಹಿಡಿತ ಬರುವುದು ಚಪಾತಿ ಹಿಟ್ಟನ್ನು ಹಿಸುಕಿ ಉಂಡೆ ಮಾಡುವುದರಿಂದ, ಒಂದು ಬಟ್ಟಲಿನ ರಾಗಿಯನ್ನು ಚೆಲ್ಲದಂತೆ ಇನ್ನೊಂದಕ್ಕೆ ಸುರಿಯುವುದರಿಂದ, ಮರಳಿನಲ್ಲಿ ಬೆರಳಾಡಿಸುವುದರಿಂದ. ರಾಗಿ ಸುರಿಯುವ ಮಗುವನ್ನು ಹತ್ತಿರ ಕೂತು ನೋಡಿ: ಬಟ್ಟಲು ತುಂಬಿ ತುಳುಕಿದ ಕ್ಷಣ ಅದರ ಕೈ ತಾನಾಗಿ ನಿಲ್ಲುತ್ತದೆ, ಮುಂದಿನ ಸಲ ತುಳುಕುವ ಮೊದಲೇ ನಿಲ್ಲುತ್ತದೆ. ಹೆಚ್ಚು, ಕಡಿಮೆ, ತುಂಬಿದ್ದು, ಖಾಲಿ ಎಂಬ ಲೆಕ್ಕದ ಮೊದಲ ಪಾಠ ಅದೇ. ಪಕ್ಕದ ಮನೆಯ ಹುಡುಗಿ ಖುಷಿಯಿಂದ ಗೀಚುತ್ತಿದ್ದರೆ ಗೀಚಲಿ, ಆದರೆ ಅವಳ ಸ್ಲೇಟು ನಿಮ್ಮ ಮಗನಿಗೆ ಅಳತೆಗೋಲಾಗುವುದು ಬೇಡ.

ಆಡುವಾಗ ಅವನು ಬೇರೆ ಮಕ್ಕಳ ಪಕ್ಕದಲ್ಲಿದ್ದೂ ತನ್ನ ಪಾಡಿಗೆ ಆಡಿಕೊಳ್ಳುತ್ತಿದ್ದರೆ ಅದೂ ಈ ವಯಸ್ಸಿಗೆ ಸಹಜ.

ಆದರೆ ಒಂದು ವಿಷಯವನ್ನು ಗಮನಿಸಲೇಬೇಕು. ‘ಅಮ್ಮ ಬಾ’, ‘ಹಾಲು ಬೇಡ’ ಎಂಬಂತೆ ಎರಡು ಪದ ಸೇರಿಸಿ ಅವನು ಇನ್ನೂ ಮಾತನಾಡದಿದ್ದರೆ, ಹೆಸರು ಕರೆದಾಗ ತಿರುಗದಿದ್ದರೆ, ಬೇಕಾದದ್ದನ್ನು ಬೆರಳು ಮಾಡಿ ತೋರಿಸದಿದ್ದರೆ ತಡಮಾಡದೆ ಮಕ್ಕಳ ವೈದ್ಯರನ್ನು ಕಾಣಿರಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ‘ಗಂಡು ಮಕ್ಕಳು ತಡವಾಗಿ ಮಾತಾಡುತ್ತಾರೆ’ ಎಂಬ ಸಮಾಧಾನದಲ್ಲಿ ತಿಂಗಳುಗಳನ್ನು ಕಳೆದುಕೊಂಡ ಮನೆಗಳನ್ನು ನಾನು ನೋಡಿದ್ದೇನೆ.

ನಿಮ್ಮ ಮಾವನವರಿಗೆ ಹೀಗೆ ಹೇಳಬಹುದು: 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗಿನ ಕಲಿಕೆಯನ್ನು ಬುನಾದಿ ಹಂತವೆಂದು ಕರೆದು, ಆಟ ಮತ್ತು ಚಟುವಟಿಕೆಗಳ ಮೇಲೆಯೇ ಅದನ್ನು ಕಟ್ಟಬೇಕೆಂದು ಹೇಳಿದೆ. ಅದಕ್ಕಿಂತಲೂ ಅವರಿಗೇ ಒಂದು ಕೆಲಸ ವಹಿಸಿದರೆ ಇನ್ನೂ ಒಳ್ಳೆಯದು. ಈ ವಾರ ಯಾವ ಕತೆ ಎಂದು ಶಿಕ್ಷಕಿಯನ್ನು ಕೇಳಿಕೊಂಡು ಬನ್ನಿ. ಸಂಜೆ ಅದೇ ಕತೆಯನ್ನು ತಾತ ಮನೆಯ ಮಾತಿನಲ್ಲೇ ಹೇಳಲಿ. ಮೊಬೈಲಿನ ಕತೆ ಇದಕ್ಕೆ ಬದಲಿಯಾಗದು. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಅದಿರಲಿ, ಮಗುವಿನ ‘ತಾಳು’ ಎಂಬ ಉತ್ತರಕ್ಕಾಗಿ ಮೊಬೈಲು ಕಾಯುವುದಿಲ್ಲ, ತಾತ ಕಾಯುತ್ತಾರೆ. ಬಾಗಿಲು ಬಡಿಯುವಾಗ ಅವರು ನಿಜವಾಗಿಯೂ ನೆಲ ಬಡಿಯಲಿ. ಹುಡುಗ ನಡುವೆ ಎದ್ದು ಹಜಾರಕ್ಕೆ ಓಡಿದರೂ ಕರೆದು ಕೂರಿಸುವುದು ಬೇಡ. ಅವನಿಗೆ ಕೇಳಿಸುವಷ್ಟು ದನಿ ಎತ್ತರಿಸಿ ಕೊನೆಯವರೆಗೂ ಹೇಳಲಿ.