ಮೊದಲು ಉಸಿರು ಎಣಿಸಿ, ಆಮೇಲೆ ಕಾಯಿ ಇಡಿ: ಗೋ ಕಲಿಯುವವರ ಪ್ರಶ್ನೆಗಳು

ಗೆರೆಗಳು ಕೂಡುವ ಬಿಂದುಗಳಲ್ಲಿ ಕಪ್ಪು-ಬಿಳಿ ಕಾಯಿ ಇಟ್ಟು ಜಾಗ ಹಿಡಿಯುವ ಮಣೆಯಾಟ ಗೋ. ಅದನ್ನು ಹೊಸದಾಗಿ ಹಿಡಿದಿರುವ ನಮ್ಮ ಭಾಗದ ಓದುಗರ ಪ್ರಶ್ನೆಗಳು ಇಲ್ಲಿವೆ. ಕಾಯಿಗೆ ಅಂಟಿಕೊಂಡಂತೆ ಗೆರೆಯ ಮೇಲಿರುವ ಖಾಲಿ ಬಿಂದುವನ್ನು ಉತ್ತರಗಳಲ್ಲಿ ‘ಉಸಿರು’ ಎಂದಿದ್ದೇವೆ. ಉಸಿರೆಲ್ಲ ಮುಚ್ಚಿದ ಕಾಯಿ ಅಥವಾ ಕಾಯಿಗಳ ಗುಂಪು ಸೆರೆಯಾಗುತ್ತದೆ. ಒಂದೇ ಉಸಿರು ಉಳಿದ ಸ್ಥಿತಿ ‘ಅಟಾರಿ’.

ನಿಯಮಗಳೆಲ್ಲ ಗೊತ್ತು. ಆದರೆ 19 ಗೆರೆಯ ಮಣೆಯಲ್ಲಿ ಆಡಿದಾಗಲೆಲ್ಲ ಸೋಲುತ್ತೇನೆ. ಆರಂಭದ ನಡೆಗಳನ್ನು ಬಾಯಿಪಾಠ ಮಾಡಬೇಕಾ ಸರ್?
— ಓದುಗರು, ಸಿಂಧನೂರು

ಬೇಡ. ಬಾಯಿಪಾಠದ ನಡೆ ಎದುರಾಳಿ ದಾರಿ ತಪ್ಪಿಸಿದ ಕೂಡಲೇ ಕೈಕೊಡುತ್ತದೆ, ಅವರು ತಪ್ಪಿಸಿದ್ದು ಸರಿಯೋ ತಪ್ಪೋ ಎಂಬುದೂ ನಿಮಗೆ ತಿಳಿಯುವುದಿಲ್ಲ. ಸದ್ಯಕ್ಕೆ 9 ಗೆರೆಯ ಮಣೆಗೆ ಬನ್ನಿ. 19ರ ಮಣೆಯಲ್ಲಿ 361 ಬಿಂದುಗಳಿದ್ದರೆ ಇಲ್ಲಿ 81 ಮಾತ್ರ. ಮಾಡಿದ ತಪ್ಪಿನ ಫಲ ಹತ್ತು ನಡೆಯೊಳಗೆ ಕಣ್ಣೆದುರು ಬರುತ್ತದೆ, ಅರ್ಧ ತಾಸಿನಲ್ಲಿ ಎರಡು ಆಟ ಮುಗಿಯುತ್ತವೆ.

ಎದುರಾಳಿ ಕಾಯಿ ಇಟ್ಟಾಗಲೆಲ್ಲ ಒಂದು ಕೆಲಸ ತಪ್ಪದೆ ಮಾಡಿ. ಎರಡು ಅಥವಾ ಅದಕ್ಕಿಂತ ಕಡಿಮೆ ಉಸಿರು ಉಳಿದಿರುವ ಗುಂಪುಗಳು ಯಾವುವು ನೋಡಿ, ಮೊದಲು ನಿಮ್ಮವು, ಆಮೇಲೆ ಅವರವು. ನಡುವಿನ ಒಂಟಿ ಕಾಯಿಗೆ ನಾಲ್ಕು ಉಸಿರು, ಅಂಚಿನದಕ್ಕೆ ಮೂರು, ಮೂಲೆಯದಕ್ಕೆ ಎರಡು. ಹೊಸಬರು ಸೋಲುವುದು ಬಹುಪಾಲು ಅಟಾರಿ ಕಾಣದೇ ಹೋದದ್ದರಿಂದ, ಆರಂಭದ ನಡೆ ಬಾರದ್ದರಿಂದ ಅಲ್ಲ. ಸತತ ಕೆಲವು ಆಟಗಳಲ್ಲಿ ಒಂದು ಅಟಾರಿಯೂ ಕಣ್ತಪ್ಪದಿದ್ದರೆ 13ರ ಮಣೆಗೆ ಹೋಗಿ.

ಎದುರಾಳಿಯ ಕಾಯಿಯನ್ನು ಅಟಾರಿ ಮಾಡುತ್ತ ಅಟ್ಟಿಕೊಂಡು ಹೋಗುತ್ತೇನೆ. ಕೊನೆಗೆ ಅದು ತಪ್ಪಿಸಿಕೊಂಡು ನನ್ನ ಕಾಯಿಗಳೇ ಸಾಯುತ್ತವೆ. ಯಾಕೆ?
— ಓದುಗರು, ಗಂಗಾವತಿ

ನೀವು ಹೇಳುತ್ತಿರುವುದು ‘ಏಣಿ’. ಇದನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ಏಣಿ ಬಾರದೆ ಗೋದಲ್ಲಿ ಮುಂದೆ ಹೋಗಲಾಗದು.

ಅಟಾರಿಯಾದ ಕಾಯಿ ಒಂದು ಹೆಜ್ಜೆ ಮುಂದೆ ಚಾಚಿದಾಗ ಅದಕ್ಕೆ ಎರಡು ಉಸಿರು ಸಿಗುತ್ತವೆ: ಒಂದು ನೇರ ಮುಂದೆ, ಇನ್ನೊಂದು ಪಕ್ಕಕ್ಕೆ. ನೀವು ಕಾಯಿ ಇಡಬೇಕಾದದ್ದು ನೇರ ಮುಂದೆ, ಅದರ ತಲೆಗೆ ಅಡ್ಡವಾಗಿ. ಆಗ ಅದು ಪಕ್ಕಕ್ಕೆ ತಿರುಗಲೇಬೇಕು, ತಿರುಗಿದಾಗಲೂ ಎರಡೇ ಉಸಿರು. ಮತ್ತೆ ತಲೆಗೆ ಅಡ್ಡ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಓರೆಯಲ್ಲಿ ಸಾಗಿ ಅಂಚು ಮುಟ್ಟಿದಾಗ ಇಡೀ ಗುಂಪು ನಿಮ್ಮದು. ಪಕ್ಕದ ಉಸಿರನ್ನು ಮುಚ್ಚಿದಿರೋ, ಅದು ನೇರ ಓಡಿ ಮೂರು ಉಸಿರು ಪಡೆಯುತ್ತದೆ. ಏಣಿ ಅಲ್ಲಿಗೆ ಮುರಿಯಿತು.

ಎರಡನೆಯ ಕಾರಣ ದಾರಿಯಲ್ಲಿದೆ. ಏಣಿ ಸಾಗುವ ಓರೆ ದಾರಿಯ ಮೇಲೋ ಅದಕ್ಕೆ ತಾಗಿಯೋ ಎದುರಾಳಿಯ ಕಾಯಿ ಮೊದಲೇ ಇದ್ದರೆ ಓಡುವ ಗುಂಪು ಅದಕ್ಕೆ ಕೂಡಿಕೊಂಡು ಉಸಿರಾಡುತ್ತದೆ. ಅಷ್ಟು ಹೊತ್ತಿಗೆ ನಿಮ್ಮ ಕಾಯಿಗಳು ಎರಡೂ ಬದಿಯಲ್ಲಿ ಒಂದಕ್ಕೊಂದು ಸೇರದೆ ಚದುರಿರುತ್ತವೆ, ಅವರು ಒಂದೇ ಕಾಯಿಯಿಂದ ಎರಡೆರಡು ಕಡೆ ಅಟಾರಿ ಕೊಡಬಲ್ಲರು. ಆ ನಷ್ಟ ತುಂಬಿಕೊಳ್ಳಲು ಆಗುವುದಿಲ್ಲ. ಹಾಗಾಗಿ ಮೊದಲ ಅಟಾರಿ ಕೊಡುವ ಮುಂಚೆ ಎದುರು ಮೂಲೆಯವರೆಗೂ ಕಣ್ಣಾಡಿಸಿ. ಅನುಮಾನವಿದ್ದರೆ ಅಟ್ಟಬೇಡಿ, ‘ಬಲೆ’ ಬೀಸಿ: ಕಾಯಿಗೆ ತಾಗದಂತೆ, ಅದು ಓಡಬಹುದಾದ ಮೂಲೆಗೆ ಓರೆಯಾಗಿ ಒಂದು ಕಾಯಿ ಇಡಿ. ಸುತ್ತಲಿನ ನಿಮ್ಮ ಕಾಯಿಗಳು ಗಟ್ಟಿಯಿದ್ದರೆ ಅದು ಯಾವ ಕಡೆ ಹೊರಟರೂ ಒಂದೆರಡು ನಡೆಯಲ್ಲಿ ಸಿಕ್ಕಿಬೀಳುತ್ತದೆ. ನಿಮ್ಮೂರಲ್ಲಿ ಹುಲಿ-ಕುರಿ ಆಡಿದವರಿಗೆ ಇದು ಬೇಗ ಹೊಳೆಯುತ್ತದೆ, ಹುಲಿಗೆ ದಾರಿ ಇಲ್ಲದಂತೆ ಮಾಡುವುದೂ ಇದೇ ಬಗೆ.

ಗುಂಪು ಬದುಕಿದೆಯೋ ಸತ್ತಿದೆಯೋ ಗೊತ್ತಾಗುವುದು ಹೇಗೆ? ದಿನಾ ಎಷ್ಟು ಸಮಸ್ಯೆ ಬಿಡಿಸಬೇಕು?
— ವಿದ್ಯಾರ್ಥಿ, ರಾಯಚೂರು

ಗುಂಪು ಪೂರ್ತಿ ಸುತ್ತುವರಿದ ಖಾಲಿ ಜಾಗವೇ ‘ಕಣ್ಣು’. ಗುಂಪಿಗೆ ಎರಡು ಬೇರೆ ಬೇರೆ ಕಣ್ಣುಗಳಿದ್ದರೆ ಅದನ್ನು ಯಾರೂ ಕೊಲ್ಲಲಾರರು. ಒಳಗಿನ ಖಾಲಿ ಜಾಗದ ಆಕಾರ ಮನಸ್ಸಿನಲ್ಲಿರಲಿ. ಸಾಲಾಗಿ ಮೂರು ಬಿಂದುಗಳಿದ್ದರೆ ನಡುವಿನದನ್ನು ಯಾರು ಮೊದಲು ಹಿಡಿಯುತ್ತಾರೋ ಅವರ ಮಾತು ನಡೆಯುತ್ತದೆ. ಸಾಲಾಗಿ ನಾಲ್ಕಿದ್ದರೆ ಎದುರಾಳಿ ಮೊದಲು ಆಡಿದರೂ ನೀವು ಬದುಕುತ್ತೀರಿ, ಅಲ್ಲಿ ಕಾಯಿ ದಂಡ ಮಾಡಬೇಡಿ. ಚೌಕವಾಗಿ ನಾಲ್ಕಿದ್ದರೆ ನೀವೇ ಮೊದಲು ಆಡಿದರೂ ಎರಡು ಕಣ್ಣಾಗುವುದಿಲ್ಲ. ಸುತ್ತಲಿನ ನಿಮ್ಮ ಕಾಯಿಗಳ ಗೋಡೆಯಲ್ಲಿ ಎದುರಾಳಿ ಕಡಿದು ಬೇರ್ಪಡಿಸುವ ಜಾಗ ಇಲ್ಲದಿದ್ದರೆ ಮಾತ್ರ ಈ ಲೆಕ್ಕ.

ಕಣ್ಣಿನಂತೆ ಕಂಡರೂ ಕೊನೆಗೆ ಉಳಿಯದ ಸುಳ್ಳು ಕಣ್ಣು ಹೊಸಬರನ್ನು ಹೆಚ್ಚು ಕಾಡುತ್ತದೆ. ಮಣೆಯ ನಡುವಿನ ಕಣ್ಣಿಗೆ ನಾಲ್ಕು ಓರೆ ಬಿಂದುಗಳಿರುತ್ತವೆ. ಅದರಲ್ಲಿ ಎರಡು ಎದುರಾಳಿಯ ಕೈಸೇರಿದರೆ ಅದು ಸುಳ್ಳು. ಅಂಚಿನಲ್ಲೂ ಮೂಲೆಯಲ್ಲೂ ಒಂದು ಹೋದರೂ ಸಾಕು.

ದಿನಕ್ಕೆ ಹತ್ತು ಸಮಸ್ಯೆ ಸಾಕು, ಒಂದೊಂದೂ ಒಂದು ನಿಮಿಷದೊಳಗೆ ಬಿಡಿಸಬಲ್ಲಷ್ಟು ಸುಲಭದ್ದಿರಲಿ. ಕಾಯಿ ಜೋಡಿಸಿ ನೋಡಬೇಡಿ, ಮನಸ್ಸಿನಲ್ಲೇ ಆಡಿ, ಎದುರಾಳಿಯ ಅತ್ಯುತ್ತಮ ಉತ್ತರವನ್ನೂ ಕಂಡ ಮೇಲೆಯೇ ಪರಿಹಾರ ನೋಡಿ. ಮೊಬೈಲಿನಲ್ಲಿ ತೋಚಿದ್ದನ್ನು ಒತ್ತಿ ‘ಸರಿ’ ಬಂತೆಂದು ಮುಂದೆ ಹೋಗುವುದರಿಂದ ಏನೂ ಬರುವುದಿಲ್ಲ. ಕಷ್ಟದ ಒಂದನ್ನು ತಾಸುಗಟ್ಟಲೆ ಹಿಡಿದು ಕೂರುವುದಕ್ಕಿಂತ ಸುಲಭದ ನೂರನ್ನು ತಿರುತಿರುಗಿ ಬಿಡಿಸುವುದು ಮೇಲು.

ಆಟ ಮುಗಿದ ಮೇಲೆ ಕಂಪ್ಯೂಟರಿನಲ್ಲಿ ಪರೀಕ್ಷಿಸಿದರೆ ಎಲ್ಲ ನಡೆಯೂ ತಪ್ಪೆನ್ನುತ್ತದೆ. ಏನು ಕಲಿಯಲಿ?
— ಓದುಗರು, ಕುಷ್ಟಗಿ

2016ರ ಮಾರ್ಚಿನಲ್ಲಿ ಸಿಯೋಲ್‌ನಲ್ಲಿ ಆಲ್ಫಾಗೋ ಎಂಬ ಕಂಪ್ಯೂಟರ್ ಪ್ರೋಗ್ರಾಂ 4-1ರಿಂದ ದಕ್ಷಿಣ ಕೊರಿಯಾದ ಅಗ್ರ ಗೋ ಆಟಗಾರ ಲೀ ಸೆಡೋಲ್ ಅವರನ್ನು ಸೋಲಿಸಿತು. ಇವತ್ತು ಉಚಿತವಾಗಿ ಸಿಗುವ ಕಾಟಾಗೋ ಪ್ರೋಗ್ರಾಂ ಕೂಡ ಮನುಷ್ಯರ ಕೈಗೆ ಸಿಗದ ಮಟ್ಟದ್ದು. ಒಂದೆರಡು ಅಂಕದ ವ್ಯತ್ಯಾಸ ನಿಮಗೆ ಬೇಕಿಲ್ಲ. ಒಂದೇ ನಡೆಗೆ ಹತ್ತಕ್ಕಿಂತ ಹೆಚ್ಚು ಅಂಕ ಕುಸಿದ ಜಾಗ ಮಾತ್ರ ನೋಡಿ. ಅಲ್ಲಿ ಯಾವ ಗುಂಪಿನ ಉಸಿರು ಎಣಿಸಲು ಮರೆತಿರಿ ಎಂದು ನೀವೇ ಹುಡುಕಿ, ಆಮೇಲೆ ಕಂಪ್ಯೂಟರಿನ ಉತ್ತರ ತೆರೆಯಿರಿ.

ಬಳ್ಳಾರಿಯಲ್ಲಿ ಗೋ ಮಣೆ ಸಿಗಲಿಲ್ಲ. ಮನೆಯಲ್ಲೇ ಮಾಡಿಕೊಳ್ಳಬಹುದೇ?
— ಓದುಗರು, ಬಳ್ಳಾರಿ

ಮಾಡಿಕೊಳ್ಳಿ. 19 ಗೆರೆಯ ಮಣೆಗೆ ಗೆರೆಗಳ ನಡುವೆ ಅಡ್ಡಕ್ಕೆ 22 ಮಿ.ಮೀ., ಉದ್ದಕ್ಕೆ 23.7 ಮಿ.ಮೀ. ಕೂತು ಓರೆಯಿಂದ ನೋಡುವಾಗ ಚೌಕವಾಗಿ ಕಾಣಲೆಂದು ಈ ವ್ಯತ್ಯಾಸ. ಪೆನ್ನಿನಲ್ಲಿ ಎಳೆದರೆ ಶಾಯಿ ಮರದ ಎಳೆಯಲ್ಲಿ ಹರಡುತ್ತದೆ. ಫ್ಲೆಕ್ಸ್ ಅಂಗಡಿಯಲ್ಲಿ ವಿನೈಲ್ ಸ್ಟಿಕ್ಕರ್ ಮೇಲೆ ಮುದ್ರಿಸಿ 12 ಮಿ.ಮೀ. ಪ್ಲೈವುಡ್‌ಗೆ ಅಂಟಿಸಿ. ಅಳತೆ ಹಿಗ್ಗಿಸಬಾರದೆಂದು ಮೊದಲೇ ಹೇಳಿ, ಅಂಟಿಸುವ ಮುನ್ನ ಹೊರಗೆರೆ ಅಳೆಯಿರಿ: 396 ಮಿ.ಮೀ. ಅಗಲ, ಸುಮಾರು 427 ಮಿ.ಮೀ. ಉದ್ದ ಬರಬೇಕು.

ಕಾಯಿಗೆ ನಿಮ್ಮೂರಿನ ಜೀನ್ಸ್ ಘಟಕಗಳಿಗೆ ಸಾಮಾನು ಕೊಡುವ ಅಂಗಡಿಯ ಗುಂಡಿಗಳೇ ಸಾಕು. ಲೋಹದ ಜೀನ್ಸ್ ಗುಂಡಿ ಬೇಡ, ಅದರ ಹಿಂದಿನ ಕಾಲಿನಿಂದಾಗಿ ಮಣೆಯ ಮೇಲೆ ಕೂರುವುದಿಲ್ಲ. ಚಪ್ಪಟೆ ಬೆನ್ನಿನ 32 ಲೈನ್ (ಗುಂಡಿ ಅಳೆಯುವ ಲೆಕ್ಕ) ಗುಂಡಿ ಕೇಳಿ, ಸುಮಾರು 20 ಮಿ.ಮೀ. ಇರುತ್ತದೆ. 36 ಲೈನಿನದು 23 ಮಿ.ಮೀ. ಆಗಿ ಒಂದನ್ನೊಂದು ತಳ್ಳುತ್ತದೆ. ಕಪ್ಪು 181, ಬಿಳಿ 180 ಬೇಕು. ಹಲಗೆಯ ಹಿಂಬದಿಗೆ 9 ಗೆರೆಯ ಮಣೆ ಅಂಟಿಸಿಕೊಂಡರೆ ಶುರುವಿಗೆ ಕಪ್ಪು 41, ಬಿಳಿ 40 ಇದ್ದರೂ ನಡೆಯುತ್ತದೆ.